ಉತ್ಪನ್ನದ ಗುಣಮಟ್ಟದಲ್ಲಿ ವಿನ್ಯಾಸ ಹಂತದ ಮಹತ್ವ

ಪೀಠಿಕೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಹಾಗೂ ನೆಲಮಂಗಲ ತಾಲ್ಲೂಕುಗಳ ಅನೇಕ ಸಣ್ಣ ಘಟಕಗಳು ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ಪೂರೈಸುತ್ತವೆ. ಸರಕು ತಿರಸ್ಕೃತವಾದಲ್ಲಿ ಕಚ್ಚಾವಸ್ತು, ಕೂಲಿ ಮತ್ತು ವಿದ್ಯುತ್ತಿನ ವೆಚ್ಚವು ಸಾಮಾನ್ಯವಾಗಿ ಘಟಕದ ಮೇಲೆಯೇ ಬೀಳುತ್ತದೆ. ಅಂತಿಮ ತಪಾಸಣೆಯು ದೋಷವನ್ನು ತೋರಿಸುತ್ತದೆಯೇ ಹೊರತು ನಿವಾರಿಸುವುದಿಲ್ಲ. ಅನೇಕ ದೋಷಗಳ ಮೂಲವು ನಕ್ಷೆಯ ಹಂತದಲ್ಲಿಯೇ ಇರುತ್ತದೆ.

ಉದಾಹರಣೆ: ಲೋಹದ ಇಂಜೆಕ್ಷನ್ ಮೋಲ್ಡಿಂಗ್

ಹೊಸಕೋಟೆ ಕೈಗಾರಿಕಾ ಪ್ರದೇಶದಲ್ಲಿರುವ, 1990ರ ದಶಕದಲ್ಲಿ ಆರಂಭವಾದ ಇಂಡೋ-ಮಿಮ್ ಸಂಸ್ಥೆಯು ಈ ವಿಧಾನದಿಂದ ಸಣ್ಣ ಬಿಡಿಭಾಗಗಳನ್ನು ತಯಾರಿಸುತ್ತದೆ. ಈ ವಿಧಾನದಲ್ಲಿ ಅತಿ ಸೂಕ್ಷ್ಮ ಲೋಹದ ಪುಡಿಯನ್ನು ಮೇಣ ಮತ್ತು ಪ್ಲಾಸ್ಟಿಕ್ಕಿನೊಡನೆ ಬೆರೆಸಿ ಅಚ್ಚಿಗೆ ತುಂಬಲಾಗುತ್ತದೆ. ಅನಂತರ ಮೇಣ, ಪ್ಲಾಸ್ಟಿಕ್ಕುಗಳನ್ನು ಹೊರತೆಗೆದು, ಭಾಗವನ್ನು ಕುಲುಮೆಯಲ್ಲಿ ಕಾಯಿಸಿ ಗಟ್ಟಿಗೊಳಿಸಲಾಗುತ್ತದೆ. ಆಗ ಭಾಗವು ಪ್ರತಿ ಅಳತೆಯಲ್ಲಿಯೂ ಸುಮಾರು ಶೇಕಡಾ 15ರಿಂದ 20ರಷ್ಟು ಕುಗ್ಗುತ್ತದೆ.

ಕುಗ್ಗುವಿಕೆಯು ಶೇಕಡಾ 20 ಇದ್ದು, 20 ಮಿ.ಮೀ. ಉದ್ದದ ಭಾಗ ಬೇಕಾದಲ್ಲಿ ಅಚ್ಚಿನ ಉದ್ದವು 25 ಮಿ.ಮೀ. ಇರತಕ್ಕದ್ದು. 20ಕ್ಕೆ ಶೇಕಡಾ 20 ಸೇರಿಸಿ 24 ಮಿ.ಮೀ. ಎಂದು ತಪ್ಪಾಗಿ ಲೆಕ್ಕ ಹಾಕಿದಲ್ಲಿ ಭಾಗವು 19.2 ಮಿ.ಮೀ.ಗೆ ಇಳಿಯುತ್ತದೆ. ಎಷ್ಟೇ ಎಚ್ಚರಿಕೆಯಿಂದ ತಯಾರಿಸಿದರೂ ಆ ಅಚ್ಚಿನ ಪ್ರತಿಯೊಂದು ಭಾಗವೂ ತಿರಸ್ಕೃತವಾಗುತ್ತದೆ.

ನಕ್ಷೆಯ ಹಂತದಲ್ಲಿ ಗಮನಿಸಬೇಕಾದ ಅಂಶಗಳು

1. ಗೋಡೆಯ ದಪ್ಪವು ಸಾಧ್ಯವಾದಷ್ಟು ಏಕರೂಪವಾಗಿರಬೇಕು. ದಪ್ಪದಲ್ಲಿ ಹೆಚ್ಚು ವ್ಯತ್ಯಾಸವಿದ್ದಲ್ಲಿ ಭಾಗವು ಸೊಟ್ಟಗಾಗುವ ಅಥವಾ ಬಿರುಕು ಬಿಡುವ ಸಂಭವವಿರುತ್ತದೆ.

2. ಕುಲುಮೆಯಲ್ಲಿ ಸ್ಥಿರವಾಗಿ ಕೂರಲು ಭಾಗಕ್ಕೆ ಒಂದು ಸಮತಟ್ಟಾದ ಮೈ ಇರುವುದು ಒಳ್ಳೆಯದು. ಆಧಾರವಿಲ್ಲದ ಚಾಚು ತನ್ನ ಭಾರದಿಂದಲೇ ಬಾಗಬಹುದು.

3. ಅಗತ್ಯವಿಲ್ಲದ ಕಡೆ ಅತಿ ಬಿಗಿಯಾದ ಅಳತೆಯನ್ನು ನಮೂದಿಸಬಾರದು. ಇದರಿಂದ ತಯಾರಿಕೆ ಮತ್ತು ತಪಾಸಣೆಯ ವೆಚ್ಚ ಹೆಚ್ಚುತ್ತದೆ.

4. ಉಕ್ಕಿನ ಅಚ್ಚನ್ನು ಮತ್ತಷ್ಟು ಕೊರೆಯುವುದು ಸುಲಭ. ಕೊರೆದ ಉಕ್ಕನ್ನು ಮರಳಿ ತುಂಬುವುದು ಕಷ್ಟ. ಆದ್ದರಿಂದ ಸಂದೇಹವಿರುವ ಕಡೆ ಉಕ್ಕನ್ನು ಉಳಿಸಿಕೊಂಡು, ಮಾದರಿ ಭಾಗಗಳನ್ನು ಅಳೆದ ಬಳಿಕ ತಿದ್ದುವುದು ಕ್ಷೇಮಕರ.

ನಕ್ಷೆಯಲ್ಲಿನ ತಿದ್ದುಪಡಿಗೆ ಕೆಲವು ಗಂಟೆಗಳು ಸಾಕಾಗಬಹುದು; ಅಚ್ಚು ಸಿದ್ಧವಾದ ಬಳಿಕ ಅದೇ ತಿದ್ದುಪಡಿಗೆ ವಾರಗಳೇ ಹಿಡಿಯಬಹುದು. ಆದ್ದರಿಂದ ಅಚ್ಚಿಗೆ ಆದೇಶ ನೀಡುವ ಮುನ್ನ ಖರೀದಿದಾರರು, ಅಚ್ಚು ತಯಾರಕರು ಹಾಗೂ ತಪಾಸಕರು ಒಟ್ಟಿಗೆ ಕುಳಿತು ನಕ್ಷೆಯನ್ನು ಪರಿಶೀಲಿಸುವುದು ಸೂಕ್ತ.

ತಾಂತ್ರಿಕ ನೆರವು

1972ರಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಕಾರದೊಂದಿಗೆ ಬೆಂಗಳೂರಿನಲ್ಲಿ ಸ್ಥಾಪಿತವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಅಚ್ಚು ವಿನ್ಯಾಸ ಹಾಗೂ ತಯಾರಿಕೆಯಲ್ಲಿ ತರಬೇತಿ ನೀಡುತ್ತದೆ. ಆಸಕ್ತ ಉದ್ಯಮಿಗಳು ಸಂಬಂಧಪಟ್ಟ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿಯೂ ವಿಚಾರಿಸಬಹುದಾಗಿದೆ.