ಗಂಟೆ ಬಾರಿಸುವವರು ಯಾರು?



‘ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆ ನಿಮಗೆಲ್ಲ ಗೊತ್ತು. ಸೋತವನು ಸೋಲನ್ನು ಒಪ್ಪದಿದ್ದಾಗ ಅವನನ್ನು ಕಿಚಾಯಿಸಲು ಈ ಮಾತನ್ನು ಬಳಸುತ್ತೇವೆ. ಆದರೆ ಈ ಗಾದೆಯೊಳಗೆ ಒಂದು ಗಂಭೀರವಾದ ಪ್ರಶ್ನೆಯೂ ಇದೆ. ಜಟ್ಟಿ ಬಿದ್ದನೋ ಇಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ಯಾರದು? ಕಣಕ್ಕೆ ಇಳಿದವನದೇ? ತೀರ್ಪುಗಾರನದೇ? ಸುತ್ತ ಕುಳಿತ ಜನರದೇ? ಅಥವಾ ಕುಸ್ತಿ ಏರ್ಪಡಿಸಿ ಹಣ ಹಾಕಿದವನದೇ? ಪೈಲ್ವಾನರಿಗೂ ಅವರನ್ನು ಕಣಕ್ಕೆ ಇಳಿಸಿದವರಿಗೂ ತೆರೆಯ ಹಿಂದೆ ನಡೆದ ಜಗಳಗಳ ಇತಿಹಾಸವನ್ನು ಕೆದಕಿದರೆ, ಬಹುಪಾಲು ಜಗಳಗಳ ತಳದಲ್ಲಿ ಈ ಪ್ರಶ್ನೆಯೇ ಸಿಗುತ್ತದೆ.

ನೀವು ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಹೋಬಳಿಯವರು ಎಂದು ಇಟ್ಟುಕೊಳ್ಳೋಣ. ನಿಮಗೆ ಎರಡು ಬಗೆಯ ಕುಸ್ತಿಯ ಪರಿಚಯ ಇರುತ್ತದೆ. ಒಂದು, ಮಣ್ಣಿನ ಅಖಾಡದ ಬಯಲು ಕುಸ್ತಿ. 1997ರವರೆಗೆ ನಿಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದ ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆ ಬಂತೆಂದರೆ ಇಂಥ ಕುಸ್ತಿ ಇದ್ದೇ ಇರುತ್ತದೆ. ಇನ್ನೊಂದು, ಪರದೆಯ ಮೇಲೆ ಕಾಣುವ, ಬಣ್ಣದ ದೀಪಗಳ ನಡುವಿನ ಅಮೆರಿಕದ ಕುಸ್ತಿ. ಎರಡನೆಯದನ್ನು ನೋಡುವಾಗ ಮನೆಯ ಹಿರಿಯರು ‘ಅದೆಲ್ಲಾ ಸುಳ್ಳು ಕಣೋ’ ಎಂದು ಗದರಿರಬಹುದು. ಹಿರಿಯರ ಮಾತು ಅರ್ಧ ನಿಜ. ಆ ಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಆದರೆ ಅದನ್ನು ನಿಶ್ಚಯಿಸುವುದು ಯಾರು ಎಂಬ ಬಗ್ಗೆ ಒಳಗೆ ನಡೆಯುವ ಜಗಳ ಮಾತ್ರ ಅಪ್ಪಟ ನಿಜ.

ಅರಮನೆಯ ಅನ್ನ

ಮೊದಲು ನಮ್ಮ ನೆಲದಿಂದಲೇ ಹೊರಡೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಕಲ್ಯಾಣವೆಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅರಸನಿಗೆ ಗೊತ್ತಿರಬೇಕಾದ ನೂರು ವಿಷಯಗಳನ್ನು ಹೇಳುವ ಆ ಗ್ರಂಥದಲ್ಲಿ ‘ಮಲ್ಲವಿನೋದ’ ಎಂಬ ಒಂದು ಭಾಗವಿದೆ. ಮಲ್ಲರನ್ನು ವಯಸ್ಸು ಮತ್ತು ಬಲಕ್ಕೆ ತಕ್ಕಂತೆ ದರ್ಜೆಗಳಾಗಿ ವಿಂಗಡಿಸಬೇಕು, ಅವರಿಗೆ ಪುಷ್ಟಿಕರವಾದ ಆಹಾರ ಒದಗಿಸಬೇಕು, ಸಾಧನೆ ಮಾಡಿಸಬೇಕು ಎಂದೆಲ್ಲ ಅಲ್ಲಿ ಬರೆದಿದೆ. ಮೇಲಿನ ದರ್ಜೆಯ ಮಲ್ಲನಿಗೆ ಅಲ್ಲಿರುವ ಹೆಸರು ‘ಜ್ಯೇಷ್ಠಿಕ’. ನಮ್ಮ ‘ಜಟ್ಟಿ’ ಎಂಬ ಮಾತು ಈ ಬಳಗಕ್ಕೇ ಸೇರಿದ್ದು.

ಇಲ್ಲಿ ಒಪ್ಪಂದ ಬಹಳ ಸರಳ. ಅನ್ನ ಅರಸನದು, ತೋಳು ಮಲ್ಲನದು. ಮೈಸೂರಿನ ಒಡೆಯರ ಕಾಲದಲ್ಲೂ ಇದೇ ಪದ್ಧತಿ ಮುಂದುವರಿಯಿತು. ವಿಜಯದಶಮಿಯ ದಿನ ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿ ಮನೆತನದವರು ಕಣಕ್ಕೆ ಇಳಿಯುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಯಾವಾಗ ನಿಲ್ಲಿಸಬೇಕೆಂಬುದರಲ್ಲಿ ಯಾರಿಗೂ ಅನುಮಾನವಿಲ್ಲ, ಏಕೆಂದರೆ ಗುರುತು ಎಲ್ಲರ ಕಣ್ಣಿಗೂ ಕಾಣುತ್ತದೆ.

ಹಾಗೆಂದು ಅರಸರ ಕಾಲವೇ ಚೆನ್ನಾಗಿತ್ತು ಎಂದು ತೀರ್ಮಾನಿಸಬೇಡಿ. ಅರಸನ ಪ್ರೀತಿ ಇರುವವರೆಗೆ ಮಾತ್ರ ಮಲ್ಲನಿಗೆ ಅನ್ನ. ‘ಇದು ನನ್ನ ಹಕ್ಕು’ ಎಂದು ತೋರಿಸಲು ಅವನ ಕೈಯಲ್ಲಿ ಕಾಗದವಿರಲಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಿ: ಅರಸ ಟಿಕೆಟ್ ಮಾರುತ್ತಿರಲಿಲ್ಲ.

ಟಿಕೆಟ್ಟಿನ ಕುಸ್ತಿ

ಟಿಕೆಟ್ ಮಾರುವವನು ಬಂದೊಡನೆ ಲೆಕ್ಕ ಬದಲಾಯಿತು. ಇದನ್ನು ತಿಳಿಯಲು ಒಬ್ಬ ಪೈಲ್ವಾನರನ್ನು ಮೂರು ಅಖಾಡಗಳಲ್ಲಿ ಹಿಂಬಾಲಿಸೋಣ. ಅವರ ಹೆಸರು ಸ್ಟಾನಿಸ್ಲಾಸ್ ಜ್‌ಬಿಸ್ಕೋ, ಪೋಲೆಂಡ್ ಮೂಲದವರು.

ಮೊದಲ ಅಖಾಡ ಲಂಡನ್, ವರ್ಷ 1910. ಆರ್. ಬಿ. ಬೆಂಜಮಿನ್ ಎಂಬ ವ್ಯವಸ್ಥಾಪಕರು ಭಾರತದಿಂದ ಗಾಮಾ, ಅವರ ಸಹೋದರ ಇಮಾಮ್ ಬಕ್ಷ್ ಮುಂತಾದ ಪೈಲ್ವಾನರನ್ನು ಅಲ್ಲಿಗೆ ಕರೆದೊಯ್ದಿದ್ದರು. ಸೆಪ್ಟೆಂಬರ್ 10ರಂದು ಗಾಮಾ ಮತ್ತು ಜ್‌ಬಿಸ್ಕೋ ಎದುರಾದರು. ಗೆದ್ದವರಿಗೆ 250 ಪೌಂಡ್ ಹಣ, ಜೊತೆಗೆ ‘ಜಾನ್ ಬುಲ್’ ಪತ್ರಿಕೆಯ ಪಟ್ಟಿ. ಗಾಮಾ ಅವರಿಗಿಂತ ಬಹಳ ಭಾರದ ಆಳಾಗಿದ್ದ ಜ್‌ಬಿಸ್ಕೋ ಆರಂಭದಲ್ಲೇ ನೆಲಕ್ಕೆ ಬಿದ್ದರು. ಬಿದ್ದವರು ಹೊಟ್ಟೆ ಅಡಿಯಾಗಿ ಮಲಗಿಬಿಟ್ಟರು. ಎರಡೂವರೆ ಗಂಟೆಗೂ ಹೆಚ್ಚು ಕಾಲ ಗಾಮಾ ಅವರನ್ನು ಮಗುಚಲು ನೋಡಿದರು, ಆಗಲಿಲ್ಲ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇದರ ಕಾರಣ ಸುಲಭವಾಗಿ ಹೊಳೆಯುತ್ತದೆ. ಕೈಕಾಲು ಚಾಚಿ ಬೋರಲು ಮಲಗಿದವನ ಗುರುತ್ವ ಕೇಂದ್ರ ನೆಲಕ್ಕೆ ಬಹಳ ಹತ್ತಿರವಿರುತ್ತದೆ, ತಳದ ಹರವು ಅಗಲವಾಗಿರುತ್ತದೆ. ಅವನನ್ನು ಮಗುಚಬೇಕಾದರೆ ಆ ಭಾರವನ್ನೆಲ್ಲ ಮೇಲೆತ್ತಿ ತಳದ ಅಂಚಿನಿಂದ ಆಚೆಗೆ ಸಾಗಿಸಬೇಕು. ನಿಂತವನನ್ನು ಕೆಡವಿದಷ್ಟು ಇದು ಸುಲಭವಲ್ಲ.

ಟಿಕೆಟ್ ಕೊಂಡು ಬಂದ ಜನ ಬೇಸತ್ತರು. ಫಲಿತಾಂಶ ತೀರ್ಮಾನವಾಗದೆ ಒಂದು ವಾರದ ನಂತರ, ಸೆಪ್ಟೆಂಬರ್ 17ಕ್ಕೆ, ಮತ್ತೆ ಕುಸ್ತಿ ಗೊತ್ತಾಯಿತು. ಆ ದಿನ ಜ್‌ಬಿಸ್ಕೋ ಬರಲೇ ಇಲ್ಲ. ಗೆಲುವು ಗಾಮಾ ಅವರಿಗೆ ಸಂದಿತು. ಟಿಕೆಟ್ ಮಾರುವವರು ಇದರಿಂದ ಒಂದು ಪಾಠ ಕಲಿಯಬಹುದಿತ್ತು: ನಿಜವಾದ ಕುಸ್ತಿ ಕೆಲವೊಮ್ಮೆ ನೀರಸ, ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಹೇಳುವಂತಿಲ್ಲ, ಮತ್ತು ಪೈಲ್ವಾನ ಮನಸ್ಸು ಮಾಡಿದರೆ ಇಡೀ ಪ್ರದರ್ಶನವನ್ನೇ ಕೆಡಿಸಬಲ್ಲ.

ಅದೇ ಪೈಲ್ವಾನ, ಎರಡನೆಯ ಅಖಾಡ

1920ರ ದಶಕದ ಅಮೆರಿಕದಲ್ಲಿ ಈ ಪಾಠವನ್ನು ಪೂರ್ತಿಯಾಗಿ ಕಾರ್ಯರೂಪಕ್ಕೆ ತಂದವರು ಮೂವರು: ಪೈಲ್ವಾನ ಎಡ್ ‘ಸ್ಟ್ರಾಂಗ್ಲರ್’ ಲೂಯಿಸ್, ಅವರ ವ್ಯವಸ್ಥಾಪಕ ಬಿಲ್ಲಿ ಸ್ಯಾಂಡೋ, ಪಟ್ಟುಗಳ ಸೂತ್ರಧಾರ ಟೂಟ್ಸ್ ಮಾಂಟ್. ಯಾರು, ಎಲ್ಲಿ, ಹೇಗೆ ಗೆಲ್ಲಬೇಕೆಂದು ಇವರು ಮೊದಲೇ ಗೊತ್ತು ಮಾಡುತ್ತಿದ್ದರು. ಇಂಥ ಒಳ ಒಪ್ಪಂದದ ಕುಸ್ತಿಗೆ ನಮ್ಮ ಉತ್ತರ ಭಾರತದಲ್ಲಿ ‘ನೂರಾ ಕುಸ್ತಿ’ ಎನ್ನುತ್ತಾರೆ.

1925ರ ಜನವರಿಯಲ್ಲಿ ಲೂಯಿಸ್ ತಮ್ಮ ಪಟ್ಟವನ್ನು ವೇಯ್ನ್ ಮನ್ ಎಂಬ ದೈತ್ಯಕಾಯದ ಫುಟ್‌ಬಾಲ್ ಆಟಗಾರನಿಗೆ ಸೋತರು. ಜನಪ್ರಿಯ ಆಟಗಾರ ಪಟ್ಟ ಕಟ್ಟಿಕೊಂಡರೆ ಟಿಕೆಟ್ ಹೆಚ್ಚು ಮಾರಾಟವಾಗುತ್ತದೆಂಬುದು ಲೆಕ್ಕ. ಮನ್‌ಗೆ ಕುಸ್ತಿಯ ವಿದ್ಯೆ ಅಷ್ಟಾಗಿ ಇರಲಿಲ್ಲ. ಅವರ ಮಾನ ಹೆಚ್ಚಿಸಲು, ಹೆಸರಾಂತ ಹಿರಿಯ ಜ್‌ಬಿಸ್ಕೋ ಅವರಿಗೆ ಸೋಲಬೇಕೆಂದು ಏರ್ಪಾಡಾಯಿತು. ಏಪ್ರಿಲ್ 15ರಂದು ಫಿಲಡೆಲ್ಫಿಯಾದಲ್ಲಿ ಕುಸ್ತಿ ಶುರುವಾಯಿತು. ಆಗ ನಲವತ್ತರ ನಡುವಯಸ್ಸು ದಾಟಿದ್ದ ಜ್‌ಬಿಸ್ಕೋ ಒಪ್ಪಂದವನ್ನು ಬದಿಗೊತ್ತಿ ನಿಜವಾಗಿಯೇ ಕುಸ್ತಿ ಮಾಡಿದರು. ಮನ್ ಮತ್ತೆ ಮತ್ತೆ ಚಿತ್ ಆದರು. ಸಾವಿರಾರು ಕಣ್ಣುಗಳ ಎದುರು ತೀರ್ಪುಗಾರನಿಗೂ ಬೇರೆ ದಾರಿ ಇರಲಿಲ್ಲ. ಪಟ್ಟ ಜ್‌ಬಿಸ್ಕೋ ಅವರ ಪಾಲಾಯಿತು. ಮೇ ತಿಂಗಳ ಕೊನೆಗೆ ಅವರು ಅದನ್ನು ಎದುರಾಳಿ ಗುಂಪಿನ ಜೋ ಸ್ಟೆಕರ್‌ಗೆ ಸೋತರು. ಅಂದರೆ ಒಂದು ಗುಂಪಿನ ಕೈಯಲ್ಲಿದ್ದ ಪಟ್ಟವನ್ನು ಇನ್ನೊಂದು ಗುಂಪಿಗೆ ದಾಟಿಸಿದಂತಾಯಿತು. ಇತ್ತ ಲೂಯಿಸ್ ಅವರ ಕಡೆಯವರು ನಿಜವಾದ ಪಟ್ಟ ನಮ್ಮದೇ ಎಂದು ಪಟ್ಟು ಹಿಡಿದರು.

ಇಲ್ಲಿ ದ್ರೋಹ ಯಾರದು? ಮಾತು ಕೊಟ್ಟು ತಪ್ಪಿದ ಪೈಲ್ವಾನನದೇ? ಇಲ್ಲದ ಸಾಮರ್ಥ್ಯವನ್ನು ಇದೆಯೆಂದು ಜನರಿಗೆ ಮಾರಿದ ವ್ಯವಸ್ಥಾಪಕರದೇ? ತರಗತಿಯಲ್ಲಿ ಚರ್ಚಿಸಲು ಇದು ಒಳ್ಳೆಯ ಪ್ರಶ್ನೆ.

ಮೂರನೆಯ ಅಖಾಡ ಪಟಿಯಾಲ, ವರ್ಷ 1928. ಅಲ್ಲಿ ಮಹಾರಾಜ ಭೂಪಿಂದರ್ ಸಿಂಗ್ ಅವರು ಗಾಮಾ ಮತ್ತು ಜ್‌ಬಿಸ್ಕೋ ಅವರನ್ನು ಮತ್ತೆ ಎದುರುಬದುರು ನಿಲ್ಲಿಸಿದರು. ಲಂಡನ್ನಿನಲ್ಲಿ ಎರಡೂವರೆ ಗಂಟೆ ಸಾಲದೆ ಹೋದ ಕುಸ್ತಿ ಇಲ್ಲಿ ಒಂದು ನಿಮಿಷ ತುಂಬುವ ಮೊದಲೇ ಮುಗಿಯಿತು. ಗೆದ್ದವರು ಗಾಮಾ. ಆದರೆ ಅರಮನೆಯ ಆಶ್ರಯಕ್ಕೂ ಕೊನೆಯಿತ್ತು. ದೇಶ ವಿಭಜನೆಯಾಯಿತು, ಸಂಸ್ಥಾನಗಳು ಹೋದವು. ಗಾಮಾ ಕೊನೆಯ ವರ್ಷಗಳಲ್ಲಿ ಕಾಯಿಲೆ ಮತ್ತು ಹಣದ ಅಡಚಣೆಗಳ ನಡುವೆ ಬದುಕಿ 1960ರಲ್ಲಿ ಲಾಹೋರಿನಲ್ಲಿ ತೀರಿಕೊಂಡರು.

ಕ್ಯಾಮರಾ ಬಂದ ಮೇಲೆ

ನಾನು ವಿಜ್ಞಾನ ಓದಿ ದೂರದರ್ಶನದ ಕೆಲಸಕ್ಕೆ ಬಂದವನು. ಆದ್ದರಿಂದ ಮುಂದಿನ ಘಟ್ಟ ನನಗೆ ವಿಶೇಷವಾಗಿ ಕುತೂಹಲಕರ. ಕ್ಯಾಮರಾ ಬಂದ ಮೇಲೆ ಒಂದು ಕುಸ್ತಿಯನ್ನು ಸಾವಿರ ಸಲ ಮಾರಬಹುದು. ಹಾಗಾದರೆ ಎರಡನೆಯ ಸಲದ ಹಣ ಯಾರಿಗೆ?

ಅಮೆರಿಕದ ಡಬ್ಲ್ಯೂ.ಡಬ್ಲ್ಯೂ.ಎಫ್. ಸಂಸ್ಥೆಯಲ್ಲಿ ಪೈಲ್ವಾನರಾಗಿದ್ದ ಜೆಸ್ಸಿ ವೆಂಚುರಾ 1986ರಲ್ಲಿ, ನಾವೆಲ್ಲ ಸೇರಿ ಒಂದು ಸಂಘ ಕಟ್ಟೋಣ ಎಂದು ಸಹೋದ್ಯೋಗಿಗಳಿಗೆ ಹೇಳಿದರು. ಮಾತು ಮಾಲೀಕ ವಿನ್ಸ್ ಮೆಕ್‌ಮಹಾನ್ ಅವರ ಕಿವಿಗೆ ಬಿತ್ತು. ಸಂಘ ಹುಟ್ಟಲಿಲ್ಲ. ಮುಂದೆ ವೆಂಚುರಾ, ತಮ್ಮ ವೀಕ್ಷಕ ವಿವರಣೆ ಇರುವ ವಿಡಿಯೊ ಕ್ಯಾಸೆಟ್‌ಗಳ ಗೌರವಧನ ಸಿಗಲಿಲ್ಲವೆಂದು ನ್ಯಾಯಾಲಯಕ್ಕೆ ಹೋದರು. 1994ರಲ್ಲಿ ಅವರಿಗೆ ಎಂಟು ಲಕ್ಷ ಡಾಲರ್‌ಗೂ ಹೆಚ್ಚು ಪರಿಹಾರ ಸಿಕ್ಕಿತು. ಅವರೇ ಮುಂದೆ ಮಿನೆಸೋಟ ರಾಜ್ಯದ ಗವರ್ನರ್ ಆದರು.

ಇದರ ನಡುವೆ, 1989ರಲ್ಲಿ ಅದೇ ಸಂಸ್ಥೆ ನ್ಯೂಜೆರ್ಸಿ ರಾಜ್ಯದಲ್ಲಿ ತನ್ನ ಕುಸ್ತಿ ಸ್ಪರ್ಧೆಯಲ್ಲ, ಬರೀ ಮನರಂಜನೆ ಎಂದು ತಾನಾಗಿಯೇ ಒಪ್ಪಿಕೊಂಡಿತು. ಸ್ಪರ್ಧೆ ಎಂದರೆ ಸರ್ಕಾರದ ಕ್ರೀಡಾ ನಿಯಮ, ತೆರಿಗೆಗಳ ಕಾಟ. ಮನರಂಜನೆ ಎಂದರೆ ಅದಿಲ್ಲ. ಹಾಗಿದ್ದೂ ಪೈಲ್ವಾನರನ್ನು ನೌಕರರೆಂದು ಒಪ್ಪದೆ ‘ಸ್ವತಂತ್ರ ಗುತ್ತಿಗೆದಾರರು’ ಎಂದೇ ಕರೆಯುತ್ತ ಬಂದಿದೆ. ಸೊಂಟ ಮುರಿದರೆ ಅದು ಅವರವರ ಪಾಡು ಎಂಬಂತೆ.

ಇನ್ನು 1997ರ ನವೆಂಬರ್ 9, ಕೆನಡಾದ ಮಾಂಟ್ರಿಯಲ್. ಪಟ್ಟದಲ್ಲಿದ್ದವರು ಅದೇ ದೇಶದ ಬ್ರೆಟ್ ಹಾರ್ಟ್. ಅವರು ಇನ್ನೊಂದು ಸಂಸ್ಥೆಗೆ ಹೊರಟಿದ್ದರು. ಹೊರಡುವ ಮೊದಲು ಶಾನ್ ಮೈಕಲ್ಸ್ ಅವರಿಗೆ ಪಟ್ಟ ಸೋಲಬೇಕೆಂಬುದು ಮಾಲೀಕರ ಇಚ್ಛೆ. ನನ್ನ ಜನರ ಎದುರು ಸೋಲಲಾರೆ, ಬೇರೆ ದಿನ ಪಟ್ಟ ಬಿಡುತ್ತೇನೆ ಎಂದರು ಹಾರ್ಟ್. ಕೊನೆಯ 30 ದಿನಗಳಲ್ಲಿ ತನ್ನ ಪಾತ್ರದ ಬಗ್ಗೆ ಮಾತನಾಡುವ ಹಕ್ಕು ಅವರ ಕರಾರಿನಲ್ಲೇ ಇತ್ತು. ಆ ರಾತ್ರಿ ಸೋಲು ಗೆಲುವಿಲ್ಲದೆ ಕುಸ್ತಿ ಮುಗಿಸುವುದೆಂದು ಮಾತಾಯಿತು. ಆದರೆ ಮೈಕಲ್ಸ್ ಒಂದು ಪಟ್ಟು ಹಾಕಿದೊಡನೆ, ಹಾರ್ಟ್ ಸೋಲೊಪ್ಪದಿದ್ದರೂ, ಮೆಕ್‌ಮಹಾನ್ ಅವರ ಆಜ್ಞೆಯಂತೆ ಗಂಟೆ ಬಾರಿಸಲಾಯಿತು. ಹಾರ್ಟ್ ಮಾಲೀಕರ ಮುಖಕ್ಕೆ ಉಗಿದರು. ಒಳಗೆ ಹೋಗಿ ಅವರಿಗೆ ಗುದ್ದಿದರು. ಆ ದಿನಗಳಲ್ಲಿ ಒಂದು ಸಾಕ್ಷ್ಯಚಿತ್ರ ತಂಡ ಹಾರ್ಟ್ ಅವರ ಜೊತೆಗಿತ್ತು. ಹಾರ್ಟ್ ಮೈಯಲ್ಲಿ ಅಡಗಿಸಿಕೊಂಡಿದ್ದ ಮೈಕ್‌ನಲ್ಲಿ ಮಾಲೀಕರ ಮಾತು ದಾಖಲಾಗಿತ್ತು. ಆದ್ದರಿಂದಲೇ ಒಳಗಿನ ಕಥೆ ಲೋಕಕ್ಕೆ ತಿಳಿಯಿತು.

1925ರಲ್ಲಿ ಪೈಲ್ವಾನ ವ್ಯವಸ್ಥಾಪಕರಿಗೆ ಕೈ ಕೊಟ್ಟ. 1997ರಲ್ಲಿ ವ್ಯವಸ್ಥಾಪಕ ಪೈಲ್ವಾನನಿಗೆ ಕೈ ಕೊಟ್ಟ. ನಡುವಿನ ಎಪ್ಪತ್ತೆರಡು ವರ್ಷಗಳಲ್ಲಿ ಬಲ ಯಾವ ಕಡೆಗೆ ಸರಿಯಿತೆಂದು ನೀವೇ ಊಹಿಸಿ. ನಿಜವಾಗಿ ಕುಸ್ತಿ ಮಾಡಿ ಗೆಲ್ಲುವ ಶಕ್ತಿಯೊಂದೇ ಸಾಕಾಗದ ಕಾಲ ಬಂದಿತ್ತು. ಗಂಟೆಯೂ ಕ್ಯಾಮರಾವೂ ಮಾಲೀಕನ ಕೈಯಲ್ಲಿದ್ದವು.

ಜೋಡಿ ಕಟ್ಟುವುದು

ಈಗ ಮತ್ತೆ ನಮ್ಮ ಮಣ್ಣಿಗೆ ಬರೋಣ. ಮೈಸೂರಿನ ದಸರಾ ಕುಸ್ತಿಗೆ ಮುನ್ನ ‘ಜೋಡಿ ಕಟ್ಟುವ’ ಪದ್ಧತಿ ಇದೆ. ಗರಡಿಗಳ ಪೈಲ್ವಾನರು ಬಂದು ಸೇರುತ್ತಾರೆ. ವಯಸ್ಸು, ತೂಕ, ಅನುಭವ ನೋಡಿ ಯಾರಿಗೆ ಯಾರು ಜೋಡಿ ಎಂದು ಎಲ್ಲರ ಎದುರಿಗೇ ಗೊತ್ತು ಮಾಡುತ್ತಾರೆ. ಕೈ ಕೈ ಹಿಡಿಸಿ ನಿಲ್ಲಿಸುತ್ತಾರೆ. ‘ಈ ಜೋಡಿ ಸರಿಯಿಲ್ಲ’ ಎಂಬ ತಕರಾರು ಬಂದರೆ ಅಲ್ಲಿಯೇ, ಉಸ್ತಾದರ ಮುಂದೆಯೇ ಬರಬೇಕು. ನಾಡಕುಸ್ತಿಯಲ್ಲಿ ಗೆಲುವಿನ ಗುರುತೂ ಅಷ್ಟೇ ಬಹಿರಂಗ: ಎದುರಾಳಿಯ ಬೆನ್ನು ಮಣ್ಣಿಗೆ ತಾಗಬೇಕು. ಸೋಮೇಶ್ವರ ಮಲ್ಲರನ್ನು ದರ್ಜೆಗಳಾಗಿ ವಿಂಗಡಿಸಿದ್ದಕ್ಕೂ ಇದಕ್ಕೂ ಇರುವ ನಂಟನ್ನು ನೀವು ಗುರುತಿಸಿರಬಹುದು.

ಈ ಪದ್ಧತಿಯಲ್ಲಿ ಜಗಳವೇ ಇಲ್ಲವೆಂದಲ್ಲ. ಜಗಳ ಬೆಳಕಿನಲ್ಲಿ ನಡೆಯುತ್ತದೆ ಎಂಬುದೇ ಇದರ ಗುಣ. ಆದರೆ ಕೊರತೆಯೂ ಇದೆ. ಮಣ್ಣಿನ ಪೈಲ್ವಾನನಿಗೆ ಬಹುಮಾನ ಆ ದಿನದ್ದು ಮಾತ್ರ. ತೋಳಿನ ಕಸುವು ಇಳಿದ ಮೇಲೆ ಏನು ಗತಿ? ಕರ್ನಾಟಕ ಸರ್ಕಾರ ಮಾಜಿ ಪೈಲ್ವಾನರಿಗೆ ಮಾಸಾಶನ ಕೊಡುವ ಏರ್ಪಾಡು ಮಾಡಿರುವುದು ಇದಕ್ಕಾಗಿಯೇ. ಅದನ್ನು ಪಡೆಯಲು ಇಂಥ ವರ್ಷ, ಇಂಥ ಕಡೆ ಕುಸ್ತಿ ಮಾಡಿದ್ದೆ ಎಂಬುದಕ್ಕೆ ಪುರಾವೆ ಬೇಕು. ಹಾರ್ಟ್ ಅವರ ಮಾತಿಗೆ ಬಲ ಬಂದದ್ದೂ ದಾಖಲೆಯಿಂದಲೇ. ಮೀಸೆ ಮಣ್ಣಾಯಿತೋ ಇಲ್ಲವೋ ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು.

ಇಲ್ಲಿ ನಿಮಗೊಂದು ಕೆಲಸವಿದೆ. ನಿಮ್ಮ ಊರಿನಲ್ಲಿ, ಇಲ್ಲವೇ ಅಕ್ಕಪಕ್ಕದ ಊರುಗಳಲ್ಲಿ, ಹಿಂದೆ ಕುಸ್ತಿ ಮಾಡುತ್ತಿದ್ದ ಅಜ್ಜಂದಿರು ಯಾರಾದರೂ ಇದ್ದಾರೆಯೇ ವಿಚಾರಿಸಿ. ಜೋಡಿ ಯಾರು ಕಟ್ಟುತ್ತಿದ್ದರು, ಖರ್ಚು ಯಾರದು, ಬಹುಮಾನ ಎಷ್ಟು, ಎಂದಾದರೂ ತಕರಾರು ಬಂದಿತ್ತೇ, ಬಂದಾಗ ತೀರ್ಮಾನ ಹೇಳಿದವರು ಯಾರು ಎಂದು ಕೇಳಿ ಬರೆದುಕೊಳ್ಳಿ. ಜಾತ್ರೆಯ ಹಳೆಯ ಕರಪತ್ರ, ಫೋಟೊ ಸಿಕ್ಕರೆ ತಾರೀಖಿನೊಡನೆ ನಕಲು ಮಾಡಿಟ್ಟುಕೊಳ್ಳಿ. ಅದು ನಿಮ್ಮ ಊರಿನ ಇತಿಹಾಸವಾಗುತ್ತದೆ. ಆ ಅಜ್ಜನಿಗೆ ಮಾಸಾಶನದ ಅರ್ಜಿಯ ಜೊತೆ ಲಗತ್ತಿಸಲು ಒಂದು ಕಾಗದವೂ ಆದೀತು.