ಘನ, ದ್ರವ, ಅನಿಲ: ದ್ರವ್ಯದ ಸ್ಥಿತಿಗಳು ಮೂರೇ?

ಬೆಂಗಳೂರು: ದ್ರವ್ಯಕ್ಕೆ ಘನ, ದ್ರವ, ಅನಿಲ ಎಂಬ ಮೂರು ಸ್ಥಿತಿಗಳಿವೆ ಎಂಬುದು ನಾವೆಲ್ಲ ಶಾಲೆಯಲ್ಲಿ ಕಲಿತ ಪಾಠ. ಅದು ತಪ್ಪಲ್ಲ, ಆದರೆ ಅಪೂರ್ಣ. ಈ ಪಾಠವನ್ನು ವಿಸ್ತರಿಸಿದ ಮಹತ್ವದ ಸಂಶೋಧನೆಯೊಂದು ಬೆಂಗಳೂರಿನಲ್ಲೇ ನಡೆಯಿತು. ನಗರದ ಪೂರ್ವಭಾಗದ ಸಿ.ವಿ. ರಾಮನ್ ನಗರ ಯಾರ ಹೆಸರನ್ನು ಹೊತ್ತಿದೆಯೋ, ಆ ವಿಜ್ಞಾನಿಯ ಸೋದರಳಿಯನೇ ಅದರ ರೂವಾರಿ.

ವ್ಯತ್ಯಾಸವೇನು?

ಅಣುಗಳ ನಡುವಿನ ಆಕರ್ಷಣೆ ಅವುಗಳನ್ನು ಹಿಡಿದಿಡುತ್ತದೆ. ಶಾಖ ಅವುಗಳನ್ನು ಚದುರಿಸುತ್ತದೆ. ಇವೆರಡರಲ್ಲಿ ಯಾವುದರ ಕೈ ಮೇಲಾಗುತ್ತದೆ ಎಂಬುದೇ ವಸ್ತುವಿನ ಸ್ಥಿತಿಯನ್ನು ನಿರ್ಧರಿಸುತ್ತದೆ. ಮಂಜುಗಡ್ಡೆಯಲ್ಲಿ ಅಣುಗಳು ನಿಂತಲ್ಲೇ ಕಂಪಿಸುವುದರಿಂದ ಅದಕ್ಕೆ ತನ್ನದೇ ಆಕಾರವಿದೆ. ನೀರಿನಲ್ಲಿ ಅವು ಹತ್ತಿರವಿದ್ದರೂ ಒಂದರ ಪಕ್ಕ ಒಂದು ಜಾರುತ್ತವೆ; ಗಾತ್ರ ಉಳಿದರೂ ಆಕಾರ ಪಾತ್ರೆಯದು. ಹಬೆಯಲ್ಲಿ ಅಣುಗಳು ದೂರ ದೂರ ಚದುರಿ, ಸಿಕ್ಕಷ್ಟು ಜಾಗವನ್ನೆಲ್ಲ ತುಂಬುತ್ತವೆ.

0 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ 1 ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 334 ಜೂಲ್ ಶಾಖ ಬೇಕು. ಕುದಿಯುವ 1 ಗ್ರಾಂ ನೀರು ಹಬೆಯಾಗಲು ಸುಮಾರು 2,260 ಜೂಲ್ ಬೇಕು. ಈ ಶಾಖವೆಲ್ಲ ಅಣುಗಳ ಬಂಧ ಬಿಡಿಸಲು ವ್ಯಯವಾಗುವುದರಿಂದ ಆ ವೇಳೆ ಉಷ್ಣತೆ ಏರುವುದಿಲ್ಲ.

ಒತ್ತಡದ ಪಾತ್ರವೂ ಸಣ್ಣದಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಿಮೆ. ಹೀಗಾಗಿ ಇಲ್ಲಿ ನೀರು 100 ಡಿಗ್ರಿಗಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಒತ್ತಡವನ್ನು ಹೆಚ್ಚಿಸಿ ಈ ಕೊರತೆಯನ್ನು ತುಂಬುತ್ತದೆ. ಅಡುಗೆ ಅನಿಲವೂ ಸಿಲಿಂಡರಿನೊಳಗೆ ಒತ್ತಡದಿಂದ ದ್ರವವಾಗಿಯೇ ಇದ್ದು, ಹೊರಬಂದಾಗ ಅನಿಲವಾಗುತ್ತದೆ. ಅದು ಗಾಳಿಗಿಂತ ಭಾರವಾದ್ದರಿಂದ, ಸೋರಿದಾಗ ನೆಲಮಟ್ಟದಲ್ಲಿ ಶೇಖರವಾಗುತ್ತದೆ ಎಂಬುದನ್ನು ಗೃಹಿಣಿಯರು ಮಾತ್ರವಲ್ಲ, ಮನೆಮಂದಿಯೆಲ್ಲ ನೆನಪಿಡಬೇಕು.

ನಡುವಣ ಸ್ಥಿತಿ

1888ರಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಜರ್ ವಿಚಿತ್ರವೊಂದನ್ನು ಗಮನಿಸಿದರು. ಕೊಲೆಸ್ಟರಾಲ್‌ನ ಸಂಯುಕ್ತವೊಂದು ಸುಮಾರು 145 ಡಿಗ್ರಿಯಲ್ಲಿ ಕರಗಿ ಮಬ್ಬಾದ ದ್ರವವಾಯಿತು. ಸುಮಾರು 178 ಡಿಗ್ರಿಯಲ್ಲಿ ಮಾತ್ರ ತಿಳಿಯಾಯಿತು. ದ್ರವದಂತೆ ಹರಿಯುವ, ಘನಸ್ಫಟಿಕದಂತೆ ಅಣುಗಳ ದಿಕ್ಕನ್ನು ಕಾಯ್ದುಕೊಳ್ಳುವ ಈ ಸ್ಥಿತಿಯೇ ದ್ರವ ಸ್ಫಟಿಕ. ಎಲ್‌ಸಿಡಿ ಟಿ.ವಿ., ಗಡಿಯಾರ, ಕ್ಯಾಲ್ಕುಲೇಟರ್‌ಗಳ ಪರದೆಯಲ್ಲಿರುವುದು ಇದೇ.

ಉದ್ದನೆಯ ಕಡ್ಡಿಯಾಕಾರದ ಅಣುಗಳಿಂದ ಮಾತ್ರ ಇದು ಸಾಧ್ಯವೆಂಬ ಭಾವನೆ ದಶಕಗಳ ಕಾಲ ಬಲವಾಗಿತ್ತು. ಆದರೆ 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಸಹೋದ್ಯೋಗಿಗಳಾದ ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಡನೆ, ಬಿಲ್ಲೆಯಾಕಾರದ ಅಣುಗಳೂ ಒಂದರ ಮೇಲೊಂದು ಪೇರಿಸಿಕೊಂಡು ದ್ರವ ಸ್ಫಟಿಕವಾಗಬಲ್ಲವು ಎಂದು ತೋರಿಸಿಕೊಟ್ಟರು. ನೊಬೆಲ್ ಪುರಸ್ಕೃತ ಖಗೋಳವಿಜ್ಞಾನಿ ಎಸ್. ಚಂದ್ರಶೇಖರ್ ಬೇರೆ, ಅವರು ರಾಮನ್ ಅವರ ಅಣ್ಣನ ಮಗ. ದ್ರವ ಸ್ಫಟಿಕದ ಚಂದ್ರಶೇಖರ್ ರಾಮನ್ ಅವರ ತಂಗಿಯ ಮಗ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಅವರು 2004ರಲ್ಲಿ ನಿಧನರಾದರು. ಬಿಲ್ಲೆಯಾಕಾರದ ಅಣುಗಳ ತೆಳುಪದರ ಮುಂದೆ ಎಲ್‌ಸಿಡಿ ಪರದೆಗಳು ಪಕ್ಕದಿಂದಲೂ ಸ್ಪಷ್ಟವಾಗಿ ಕಾಣುವಂತೆ ಮಾಡಲು ಬಳಕೆಯಾಯಿತು.

ಮಿಂಚು ಮತ್ತು ಸೂರ್ಯನಲ್ಲಿ ಕಾಣುವ ಪ್ಲಾಸ್ಮಾ, 1995ರಲ್ಲಿ ಪ್ರಯೋಗಾಲಯದಲ್ಲಿ ಸಿದ್ಧಿಸಿದ ಬೋಸ್-ಐನ್‌ಸ್ಟೈನ್ ಸಾಂದ್ರತೆ ಕೂಡ ದ್ರವ್ಯದ ಸ್ಥಿತಿಗಳೇ. ಆದ್ದರಿಂದ ಸ್ಥಿತಿಗಳೆಷ್ಟು ಎಂದು ಮಕ್ಕಳು ಕೇಳಿದರೆ ಮೂರು ಎಂದು ಹೇಳಿ ಸುಮ್ಮನಾಗಬೇಡಿ. ಅಣುಗಳು ಹೇಗೆ ಜೋಡಣೆಗೊಂಡಿವೆ, ಹೇಗೆ ಚಲಿಸುತ್ತಿವೆ ಎಂಬುದನ್ನು ವಿವರಿಸಿ.