ಮೇಯಲ್ ದೂರದರ್ಶಕದ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬುದು ನಮ್ಮ ಆಗಮಗ್ರಂಥಗಳಲ್ಲಿ ಪ್ರತ್ಯೇಕ ವಿಷಯವಾಗಿಯೇ ನಿರೂಪಿತವಾಗಿದೆ. ಶಿಥಿಲವಾದ ದೇವಾಲಯವನ್ನು ಪಾಳುಬಿಟ್ಟು ಬೇರೆಡೆಯಲ್ಲಿ ಹೊಸದನ್ನು ಕಟ್ಟುವುದಕ್ಕಿಂತ, ಇದ್ದ ಸ್ಥಳದಲ್ಲಿ ಇದ್ದ ಅಧಿಷ್ಠಾನದ ಮೇಲೆಯೇ ಅದನ್ನು ಪುನಃ ಸಿದ್ಧಪಡಿಸುವುದು ಶ್ರೇಯಸ್ಕರವೆಂದು ಹಿರಿಯರ ಮತ. ಆದರೆ ಯಾವುದನ್ನು ಉಳಿಸಿಕೊಳ್ಳತಕ್ಕದ್ದು, ಯಾವುದನ್ನು ತೆಗೆದುಹಾಕತಕ್ಕದ್ದು, ಉದ್ಧಾರವಾದ ಬಳಿಕ ಒಳಗೆ ಯಾರಿಗೆ ಪ್ರವೇಶ ಎಂಬ ಪ್ರಶ್ನೆಗಳು ಅಲ್ಲಿ ತಪ್ಪದೆ ಹುಟ್ಟುವುವು. ಇವೇ ಪ್ರಶ್ನೆಗಳು ವೇಧಶಾಲೆಗಳ ವಿಷಯದಲ್ಲಿಯೂ ಹುಟ್ಟುವುವೆಂಬುದಕ್ಕೆ ಅಮೆರಿಕದ ಅರಿಜೋನಾ ಪ್ರಾಂತದಲ್ಲಿರುವ ಮೇಯಲ್ ದೂರದರ್ಶಕದ ಚರಿತ್ರೆಯು ಒಳ್ಳೆಯ ನಿದರ್ಶನವಾಗಿದೆ. ಅದನ್ನು ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ.

ಟೂಸಾನ್ ನಗರದ ನೈಋತ್ಯಕ್ಕೆ ಸುಮಾರು 90 ಕಿಲೋಮೀಟರು ದೂರದಲ್ಲಿ, ಮರುಭೂಮಿಯ ನಡುವೆ, ಕಿಟ್ ಪೀಕ್ ಎಂಬ ಪರ್ವತವಿದೆ. ಅದರ ಎತ್ತರ ಸುಮಾರು 2,100 ಮೀಟರು. ಈ ಭೂಮಿಯು ಟೊಹೊನೊ ಓಧಮ್ ಎಂಬ ಮೂಲನಿವಾಸಿ ಜನಾಂಗಕ್ಕೆ ಸೇರಿದ್ದು. ಆ ಪರ್ವತವನ್ನು ಅವರು ಪವಿತ್ರವೆಂದು ಎಣಿಸುವರು. ವೇಧಶಾಲೆಗೆ ಸ್ಥಳವನ್ನು ಅರಸುತ್ತಿದ್ದ ಖಗೋಳಜ್ಞರು ಆ ಜನರ ಹಿರಿಯರನ್ನು ಟೂಸಾನಿನ ವಿಶ್ವವಿದ್ಯಾಲಯಕ್ಕೆ ಆಹ್ವಾನಿಸಿ, ಅಲ್ಲಿಯ 36 ಅಂಗುಲದ ದೂರದರ್ಶಕದಲ್ಲಿ ಚಂದ್ರನನ್ನು ತೋರಿಸಿದರು. ಆ ಮೇಲೆ ಹಿರಿಯರು ಅವರನ್ನು 'ಉದ್ದ ಕಣ್ಣಿನ ಜನರು' ಎಂದು ಕರೆದರಂತೆ. 1958ರಲ್ಲಿ ಪರ್ವತಶಿಖರವು ಗುತ್ತಿಗೆಗೆ ದೊರೆಯಿತು. ಆ ಸ್ಥಳವು ಖಗೋಳಸಂಶೋಧನೆಗೂ ಅದಕ್ಕೆ ಸಂಬಂಧಪಟ್ಟ ವಿಜ್ಞಾನಕಾರ್ಯಗಳಿಗೂ ಉಪಯೋಗವಾಗುತ್ತಿರುವವರೆಗೆ ಮಾತ್ರವೇ ಈ ಹಕ್ಕು ಎಂಬ ನಿಬಂಧನೆಯನ್ನು ವಾಚಕರು ನೆನಪಿನಲ್ಲಿಡಬೇಕು.

ಈ ಶಿಖರದಲ್ಲಿ 1973ರಲ್ಲಿ ಕೆಲಸಕ್ಕೆ ತೊಡಗಿದ 4 ಮೀಟರು ವ್ಯಾಸದ ದೂರದರ್ಶಕಕ್ಕೆ, 1960ರಿಂದ 1971ರವರೆಗೆ ಅಲ್ಲಿಯ ನಿರ್ದೇಶಕರಾಗಿದ್ದ ನಿಕೋಲಸ್ ಮೇಯಲ್ ಎಂಬವರ ಹೆಸರನ್ನಿಟ್ಟಿರುವರು. ಕರಗಿಸಿದ ಸ್ಫಟಿಕಶಿಲೆಯಿಂದಾದ ಅದರ ದರ್ಪಣವೊಂದೇ ಸುಮಾರು 15 ಟನ್ ತೂಗುವುದು. ನೆಲದ ಹತ್ತಿರ ಕದಡುವ ಗಾಳಿಯು ಬಿಂಬವನ್ನು ಕೆಡಿಸಬಾರದೆಂದು ಯಂತ್ರವನ್ನು 18 ಅಂತಸ್ತಿನಷ್ಟು ಎತ್ತರದ ಕಟ್ಟಡದ ಮೇಲ್ಭಾಗದಲ್ಲಿ ನಿಲ್ಲಿಸಿದರು. ಯಂತ್ರದ ಒಂದು ಅಕ್ಷವು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿದೆ; ಆದುದರಿಂದ ಆ ಒಂದನ್ನೇ ಸಮವೇಗದಲ್ಲಿ ತಿರುಗಿಸಿದರೆ ನಕ್ಷತ್ರವು ಕಣ್ಣಿನಿಂದ ಜಾರದು. ಇಂಥ ರಚನೆಗೆ ಉಕ್ಕು ಬಹಳ ಬೇಕು. ಲಘುವಾದ ಯಂತ್ರಗಳನ್ನು ಗಣಕದ ಸಹಾಯದಿಂದ ನಡೆಸುವ ಪದ್ಧತಿ ಬಂದಮೇಲೆ ಮೇಯಲ್ ಯಂತ್ರದ ಈ ಗಾತ್ರವು ಹಳೆಯ ಕಾಲದ ಅತಿವ್ಯಯದಂತೆ ತೋರಿದುದು ಸಹಜವೇ. ಅದೇ ಭಾರವು ಮುಂದೆ ಅದನ್ನು ಉಳಿಸಿತು.

ಮುಂದಿನ ಕಥೆಗೆ ರೋಹಿತವೆಂಬ ಶಬ್ದದ ಪರಿಚಯ ಅವಶ್ಯಕ. ಇಂದ್ರಧನುಸ್ಸು ಬಾಗದೆ ನೆಟ್ಟಗಿದ್ದರೆ ಅದಕ್ಕೆ ರೋಹಿತವೆಂದು ಹೆಸರೆಂದು ಅಮರಸಿಂಹನು ಹೇಳಿರುವನು. ಬೆಳಕನ್ನು ಅದರ ಬಣ್ಣಗಳಾಗಿ ಬಿಡಿಸಿ ಸಾಲಾಗಿ ಹರಡಿದ ಪಟ್ಟಿಗೆ ಈ ಹೆಸರನ್ನು ಆರಿಸಿದ ಕನ್ನಡಿಗರು ಯಾರಾದರೂ ಅವರಿಗೆ ಕೋಶಜ್ಞಾನವಿದ್ದಿತೆಂಬುದರಲ್ಲಿ ಸಂಶಯವಿಲ್ಲ. ಆ ಪಟ್ಟಿಯಲ್ಲಿ ಮೂಲದ್ರವ್ಯಗಳ ಗುರುತಾದ ರೇಖೆಗಳಿರುವುವು. ಗೆಲಾಕ್ಸಿಯು ನಮ್ಮಿಂದ ದೂರ ಸರಿಯುತ್ತಿದ್ದರೆ ಆ ರೇಖೆಗಳು ಕೆಂಪಿನ ಕಡೆಗೆ ಜರುಗುವುವು. ಎಷ್ಟು ಜರುಗಿದುವೆಂಬುದರಿಂದ ಗೆಲಾಕ್ಸಿಯ ದೂರವನ್ನು ತಿಳಿಯಬಹುದು. ಛಾಯಾಚಿತ್ರವು ಆಕಾಶದ ಚಪ್ಪಟೆ ಚಿತ್ರವನ್ನು ಮಾತ್ರ ಕೊಡುವುದು. ಅದಕ್ಕೆ ಆಳವನ್ನು ಕೊಡುವುದು ರೋಹಿತ.

ಆದರೆ ಹಿಂದೆ ರೋಹಿತವನ್ನು ಪಡೆಯುವುದು ಒಂದೊಂದಾಗಿ ನಡೆಯುವ ಕೆಲಸವಾಗಿದ್ದಿತು. ವೆರಾ ರೂಬಿನ್ ಎಂಬ ವಿದುಷಿಯು ತನ್ನ ಸಹಕಾರಿಗಳೊಡನೆ 21 ಸುರುಳಿ ಗೆಲಾಕ್ಸಿಗಳ ಭ್ರಮಣವೇಗವನ್ನು ಅಳೆದು 1980ರಲ್ಲಿ ಪ್ರಕಟಿಸಿದಳು. ಆ ವೇಧೆಗಳು ನಡೆದದ್ದು ಈ ಮೇಯಲ್ ಯಂತ್ರದಿಂದಲೂ ಚಿಲಿ ದೇಶದಲ್ಲಿರುವ ಅದರ ಅವಳಿಯಿಂದಲೂ. ಒಂದೊಂದು ಗೆಲಾಕ್ಸಿಗೂ ಗಂಟೆಗಟ್ಟಲೆ ಕಾಯಬೇಕಾಗಿದ್ದಿತು. ಅಂಚಿನ ನಕ್ಷತ್ರಗಳೂ ನಡುವಿನವುಗಳಷ್ಟೇ ವೇಗದಿಂದ ಸುತ್ತುವುದನ್ನು ಕಂಡು, ಕಾಣದ ದ್ರವ್ಯವು ಅಪಾರವಾಗಿ ಇದೆಯೆಂಬ ಊಹೆಯು ಬಲಗೊಂಡಿತು. ಒಬ್ಬರು ಒಂದು ಪ್ರಶ್ನೆಯನ್ನು ಹಿಡಿದು ಅರ್ಜಿ ಕಳುಹಿಸಿ, ಕೆಲವು ರಾತ್ರಿಗಳನ್ನು ಪಡೆದು, ಪರ್ವತವನ್ನೇರಿ ಉತ್ತರ ತರುವುದು: ಇದು ಅಲ್ಲಿಯ ಸಂಪ್ರದಾಯ. ಅರ್ಜಿದಾರರು ಯಾವ ವಿದ್ಯಾಲಯದವರೆಂಬುದಕ್ಕಿಂತ ಪ್ರಶ್ನೆಯ ಯೋಗ್ಯತೆಯೇ ಮುಖ್ಯವೆಂಬುದು ಈ ರಾಷ್ಟ್ರೀಯ ವೇಧಶಾಲೆಯ ಸ್ಥಾಪನೆಯ ಆಶಯವಾಗಿದ್ದಿತು.

2012ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ತನ್ನ ಖರ್ಚುವೆಚ್ಚಗಳನ್ನು ಪರಿಶೀಲಿಸಲು ನೇಮಿಸಿದ ಸಮಿತಿಯು, ಮೇಯಲ್ ಮೊದಲಾದ ಹಳೆಯ ಯಂತ್ರಗಳಿಗೆ ಧನಸಹಾಯವನ್ನು ಕೈಬಿಡಬೇಕೆಂದು ಸೂಚಿಸಿತು. ಹೊಸ ದೊಡ್ಡ ದೂರದರ್ಶಕಗಳಿಗೆ ಹಣ ಬೇಕಾಗಿದ್ದಿತು. ಆಗ ಮುಂದೆ ಬಂದದ್ದು ಅದೇ ದೇಶದ ಇಂಧನಶಕ್ತಿ ಇಲಾಖೆ. ವಿಶ್ವದ ವಿಸ್ತರಣವನ್ನು ತ್ವರೆಗೊಳಿಸುತ್ತಿರುವ, ಕೃಷ್ಣಶಕ್ತಿಯೆಂದು ಹೆಸರಿಟ್ಟಿರುವ ಅಜ್ಞಾತ ಕಾರಣವನ್ನು ಅರಿಯಲು ಕೋಟಿಗಟ್ಟಲೆ ಗೆಲಾಕ್ಸಿಗಳ ರೋಹಿತಗಳು ಬೇಕಾಗಿದ್ದುವು. ಅದಕ್ಕಾಗಿ ಬರ್ಕ್‌ಲಿಯ ಪ್ರಯೋಗಾಲಯದವರ ನೇತೃತ್ವದಲ್ಲಿ 'ಡೆಸಿ' ಎಂಬ ಉಪಕರಣವನ್ನು ಯೋಜಿಸಿದರು. ಅನೇಕ ಟನ್ ತೂಕದ ಈ ಉಪಕರಣವನ್ನು ತುದಿಯಲ್ಲಿ ಹೊತ್ತು ಬಾಗದಿರುವ ಯಂತ್ರವು ಬೇಕಲ್ಲವೇ? ಅದಕ್ಕೆ ಮೇಯಲ್ ತಕ್ಕುದಾಗಿದ್ದಿತು.

2018ರಲ್ಲಿ ಯಂತ್ರದ ಶಿರೋಭಾಗವನ್ನು ಕಳಚಿದರು. ದರ್ಪಣ, ಪೀಠ, ಗುಮ್ಮಟ ಇವಿಷ್ಟೂ ಹಾಗೆಯೇ ಉಳಿದುವು. ಶಿರೋಭಾಗದಲ್ಲಿ ಆರು ಮಸೂರಗಳ ಜೋಡಣೆಯನ್ನಿಟ್ಟರು. ಅವುಗಳಲ್ಲಿ ದೊಡ್ಡದರ ವ್ಯಾಸ 1.1 ಮೀಟರು. ಇದರಿಂದ ಒಂದೇ ನೋಟಕ್ಕೆ 3 ಅಂಶಕ್ಕಿಂತ ಅಗಲವಾದ, ಎಂದರೆ ಆರು ಪೂರ್ಣಚಂದ್ರರನ್ನು ಸಾಲಾಗಿ ಇಟ್ಟಷ್ಟು ಆಕಾಶವು ಸಿಕ್ಕುವುದು. ಬಿಂಬವು ಮೂಡುವೆಡೆಯಲ್ಲಿ 5,000 ಗಾಜಿನ ಎಳೆಗಳಿವೆ. ಪ್ರತಿಯೊಂದು ಎಳೆಯ ತುದಿಯನ್ನೂ ಒಂದೊಂದು ಸಣ್ಣ ಯಂತ್ರವು ಹಿಡಿದು, ಕೂದಲಿನ ದಪ್ಪಕ್ಕಿಂತಲೂ ಕಡಿಮೆ ತಪ್ಪಿನಲ್ಲಿ, ತನಗೆ ಗೊತ್ತುಮಾಡಿದ ಗೆಲಾಕ್ಸಿಯ ಬಿಂಬದ ಮೇಲೆ ನಿಲ್ಲಿಸುವುದು. ಬೆಳಕು ಎಳೆಯೊಳಗೆ ಹರಿದು, ಉಷ್ಣತೆ ಏರಿಳಿಯದಂತೆ ಕಾಪಾಡಿದ ಕೋಣೆಯಲ್ಲಿರುವ ಹತ್ತು ರೋಹಿತಯಂತ್ರಗಳನ್ನು ಸೇರುವುದು. ಯಾವ ಗೆಲಾಕ್ಸಿಗಳನ್ನು ನೋಡಬೇಕೆಂಬ ಪಟ್ಟಿಯನ್ನು ಸಿದ್ಧಪಡಿಸಲು ಬೇಕಾದ ಚಿತ್ರಗಳಲ್ಲಿ ಒಂದು ಭಾಗವನ್ನು ಮೇಯಲ್ ಯಂತ್ರವೇ ಇದಕ್ಕೆ ಮುಂಚೆ ತೆಗೆದುಕೊಟ್ಟಿದ್ದಿತು. 2019ರ ಅಕ್ಟೋಬರಿನಲ್ಲಿ ಹೊಸ ಉಪಕರಣಕ್ಕೆ ಮೊದಲ ಬೆಳಕು ಬಿದ್ದಿತು. ಮಹಾಮಾರಿಯಿಂದ ಕೆಲಕಾಲ ಕೆಲಸ ನಿಂತು, 2021ರ ಮೇ ತಿಂಗಳಲ್ಲಿ ಐದು ವರ್ಷಗಳ ಸಂಕಲ್ಪದ ಪರಿಶೋಧನೆ ಆರಂಭವಾಯಿತು.

ಪರ್ವತದ ಒಡೆಯರ ದೃಷ್ಟಿಯಿಂದಲೂ ಇದನ್ನು ನೋಡಬೇಕು. ಇದೇ ಪರ್ವತದ ಬೇರೊಂದು ಭಾಗದಲ್ಲಿ ವೆರಿಟಾಸ್ ಎಂಬ ದೂರದರ್ಶಕಗಳ ಸಮೂಹವನ್ನು ಕಟ್ಟತೊಡಗಿದಾಗ, ಟೊಹೊನೊ ಓಧಮ್ ಜನರು 2005ರಲ್ಲಿ ನ್ಯಾಯಾಲಯಕ್ಕೆ ಹೋದರು. ಆ ಯಂತ್ರಗಳನ್ನು ಕೊನೆಗೆ ಬೇರೊಂದು ಬೆಟ್ಟದ ತಪ್ಪಲಿನಲ್ಲಿ ನಿಲ್ಲಿಸಬೇಕಾಯಿತು. ಡೆಸಿಯಾದರೋ ಹಳೆಯ ಗುಮ್ಮಟದೊಳಗೇ ಅಡಗಿತು. ಸಂಶೋಧನೆ ನಿಂತರೆ ಹಕ್ಕೂ ನಿಲ್ಲುವುದೆಂಬ ನಿಬಂಧನೆಯಿರುವಲ್ಲಿ, ಹಳೆಯ ಯಂತ್ರಕ್ಕೆ ಕೆಲಸ ಕೊಡುವುದಕ್ಕೆ ಇರುವ ಬೆಲೆಯನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಹಾಗಾದರೆ ನಷ್ಟವೇನೂ ಇಲ್ಲವೇ? ಇದೆ. ಈಗ ಮೇಯಲ್ ಯಂತ್ರದ ರಾತ್ರಿಗಳು ಒಂದೇ ಸಂಕಲ್ಪಕ್ಕೆ ಮುಡಿಪಾಗಿವೆ. ಯಾವುದೋ ಸಣ್ಣ ವಿದ್ಯಾಲಯದ ಅಧ್ಯಾಪಕನು ಯಾರೂ ಲಕ್ಷಿಸದ ಒಂದು ನಕ್ಷತ್ರಕ್ಕಾಗಿ ಎರಡು ರಾತ್ರಿಗಳನ್ನು ಬೇಡಿ ಪಡೆಯುವ ಬಾಗಿಲು ಅಲ್ಲಿ ಮುಚ್ಚಿತು. ಅದಕ್ಕೆ ಬದಲಾಗಿ ಬೇರೊಂದು ಬಾಗಿಲು ತೆರೆದಿದೆಯೆಂದು ಉಪಕರಣದ ಪಕ್ಷದವರು ಹೇಳುವರು: 2025ರ ಮಾರ್ಚಿಯಲ್ಲಿ ಮೊದಲ ವರ್ಷದ ವೇಧೆಗಳನ್ನು, 1 ಕೋಟಿ 87 ಲಕ್ಷ ಆಕಾಶವಸ್ತುಗಳ ರೋಹಿತಗಳ ಸಹಿತ, ಲೋಕಕ್ಕೆಲ್ಲ ಉಚಿತವಾಗಿ ಬಿಟ್ಟುಕೊಟ್ಟರು. ಈ ವಾದದಲ್ಲಿ ಸತ್ಯವಿದೆ; ಯಂತ್ರವನ್ನೇ ಬೀಗಹಾಕಿ ಬಿಡುವುದಕ್ಕಿಂತ ಇದು ಸಾವಿರ ಪಾಲು ಮೇಲೆಂಬುದನ್ನೂ ಒಪ್ಪುತ್ತೇನೆ. ಆದರೆ ಬೇರೆಯವರು ಆರಿಸಿ ಬಡಿಸಿದ್ದನ್ನು ಉಣ್ಣುವುದೂ ತನಗೆ ಬೇಕಾದುದನ್ನು ತಾನೇ ಬೇಯಿಸಿಕೊಳ್ಳುವುದೂ ಒಂದಲ್ಲ. ರೂಬಿನ್ ಆರಿಸಿದ 21 ಗೆಲಾಕ್ಸಿಗಳನ್ನು ಪಟ್ಟಿಗೆ ಸೇರಿಸಿದವಳು ಅವಳೇ.

2022ರ ಜೂನಿನಲ್ಲಿ ಸಿಡಿಲಿನಿಂದ ಹೊತ್ತಿದ ಕಾಡುಗಿಚ್ಚು ಶಿಖರವನ್ನೇರಿ, ವೀಕ್ಷಕರ ವಸತಿಗೃಹವೂ ಸೇರಿದಂತೆ ನಾಲ್ಕು ಕಟ್ಟಡಗಳನ್ನು ಸುಟ್ಟಿತು. ದೂರದರ್ಶಕಗಳು ಉಳಿದುವು; ಸೆಪ್ಟೆಂಬರಿನಲ್ಲಿ ಡೆಸಿ ಪುನಃ ಕೆಲಸಕ್ಕೆ ತೊಡಗಿತು. ಮೂರು ವರ್ಷಗಳ ವೇಧೆಗಳನ್ನು ಇತರ ಪ್ರಮಾಣಗಳೊಡನೆ ಕೂಡಿಸಿ ನೋಡಿದರೆ, ಸ್ಥಿರವೆಂದು ತಿಳಿದಿದ್ದ ಕೃಷ್ಣಶಕ್ತಿಯು ಕಾಲಕ್ರಮದಲ್ಲಿ ಕುಂದುತ್ತಿರಬಹುದೆಂಬ ಸುಳಿವು ಕಾಣುವುದೆಂದು 2025ರಲ್ಲಿ ಪ್ರಕಟಿಸಿದರು. ಸಿದ್ಧಾಂತವೆಂದು ಸಾರಲು ಬೇಕಾದಷ್ಟು ನಿಶ್ಚಯವು ಅದಕ್ಕೆ ಇನ್ನೂ ಬಂದಿಲ್ಲವೆಂದು ಅವರೇ ಹೇಳಿರುವರು.